ಕಾರಣ: ಇತರೆ

“ಸ್ವಲ್ಪ ತಡೀರಿ, ಕಾಲಿನ ಕಡೆ ತಿರುಗವಲ್ದು!”

ಗೆಳೆಯ ವಹಾಬ ಮೆಟ್ಟಿಲ ತಿರುವಿನಿಂದ ಕೂಗಿದೊಡನೆ ಅನೇಕಾಂತನ ಶವ ಹೊತ್ತಿದ್ದ ನಾಲ್ವರೂ ಇದ್ದಲ್ಲೇ ನಿಂತರು. ಬೆಳಗಾವಿಯ ಮಹಾಂತೇಶ ನಗರದ ಆ ಮೂರಂತಸ್ತಿನ ಕಟ್ಟಡಕ್ಕೆ ಲಿಫ್ಟಿರಲಿಲ್ಲ. ಗೋಡೆಗೆ ಒರಗಿಸಿದ್ದ ಯಾರದೋ ಸೈಕಲ್ಲನ್ನು ಎತ್ತಿ ಮೇಲೆ ಸಾಗಿಸುವವರೆಗೆ ಸತ್ತವನು ಓರೆಯಾಗಿ ಕಾಯಬೇಕಾಯಿತು. ಹಿಂದೆ ಬರುತ್ತಿದ್ದ ಅವನ ಹೆಂಡತಿ ತ್ರಿಶಲಾಳ ಕೈಯಲ್ಲಿ ಅವನದೇ ಫೋನು ಬಡಿದುಕೊಳ್ಳತೊಡಗಿತು. ಬೆಳಗಿನಿಂದ ಅದಕ್ಕೆ ಬಿಡುವಿರಲಿಲ್ಲ. ಬಂಧುಗಳಿರಬಹುದೆಂದು ಅವಳು ಎತ್ತಿದಳು.

“ಸರ್‌ಗ ಕೊಡ್ರಿ. ನಾ ಉದ್ಯಮಬಾಗದಿಂದ ರಾಯಪ್ಪ, ಫೌಂಡ್ರಿ ರಾಯಪ್ಪ. ವೆಬ್‌ಸೈಟಿನ್ಯಾಗ ನನ್ನ ಫೋಟೋ ಒಂಚೂರು ದೊಡ್ಡದ ಮಾಡಂತ ಹೇಳಿ ವಾರಾತು.”

“ಅವರು ತೀರಿಕೊಂಡಾರ್ರಿ.”

“ಆಂ? ಯಾರು?”

“ಅವರ. ನಿನ್ನೆ ಮಧ್ಯಾಹ್ನ. ಕುಂತ ಕುರ್ಚಿಮ್ಯಾಲೆ.”

“ಛೇ ಛೇ ಛೇ. ಏನ ವಯಸ್ಸಾಗಿತ್ತು ಅವರಿಗಿ! ಭಾಳ ಛಲೋ ಮನಿಷ್ಯಾ ನೋಡ್ರಿ.” ರಾಯಪ್ಪ ನಿಜವಾಗಿಯೂ ನೊಂದಂತಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದ: “ಮತ್ತ... ಆ ಫೋಟೋ ದೊಡ್ಡದ ಮಾಡೋರು ಬ್ಯಾರೆ ಯಾರರ ಅದಾರೇನ್ರಿ?”

ತ್ರಿಶಲಾ ಫೋನು ಆಫ್ ಮಾಡಬೇಕೆಂದು ಪಕ್ಕದ ಗುಂಡಿ ಒತ್ತಿದಳು. ಸದ್ದು ಕಡಿಮೆಯಾಯಿತೇ ಹೊರತು ಫೋನು ಆಫ್ ಆಗಲಿಲ್ಲ. ಅದನ್ನು ಹೇಗೆ ಆಫ್ ಮಾಡುವುದೆಂದು ಅವನಿಗಷ್ಟೇ ಗೊತ್ತಿತ್ತು.

ಕೆಳಗೆ ಶವದ ಗಾಡಿಯ ಸುತ್ತ ನೆರೆಯವರು ಸೇರಿದ್ದರು. “ಕಂಪ್ಯೂಟರ್ ರಿಪೇರಿ ಮಾಡತಿದ್ರಲ್ಲ, ಅವರ,” ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದುದು ಕೇಳಿಸಿತು. ಹನ್ನೆರಡು ವರ್ಷ ಎದುರುಮನೆಯಲ್ಲಿದ್ದವರು. ವೆಬ್‌ಸೈಟ್ ಮಾಡುತ್ತಿದ್ದವನು ಎಂದು ತಿದ್ದಲು ಬಾಯಿ ತೆರೆದವಳು, ಅವನು ತಿದ್ದಿ ತಿದ್ದಿ ಸಾಕಾಗಿ ಕೊನೆಗೆ ಎದುರುಮನೆಯವರ ಪ್ರಿಂಟರನ್ನು ತಾನೇ ಬಿಚ್ಚಿ ಸರಿಮಾಡಿಕೊಟ್ಟದ್ದು ನೆನಪಾಗಿ ಗಾಡಿ ಹತ್ತಿದಳು.

*

ರಾಯಪ್ಪನ ವೆಬ್‌ಸೈಟಿನ ಕೆಲಸ ಬಂದಾಗ ಅನೇಕಾಂತ ಮೂರು ದಿನ ಕಂಪ್ಯೂಟರನ್ನೇ ಮುಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಬೈಕೇರಿ ಉದ್ಯಮಬಾಗಕ್ಕೆ ಹೋಗುವುದು, ಕಾದ ಕಬ್ಬಿಣ ಅಚ್ಚಿಗೆ ಹೊಯ್ಯುವುದನ್ನು ನೋಡುತ್ತ ನಿಲ್ಲುವುದು. ಸಂಜೆ ಮನೆಗೆ ಬಂದರೆ ಅಂಗಿಯ ತುಂಬ ಮಸಿ.

“ಅವರು ನಿಮ್ಮನ್ನ ಕಬ್ಬಿಣಾ ಹೊಯ್ಯಾಕ ಕರದಾರೋ, ವೆಬ್‌ಸೈಟ್ ಮಾಡಾಕೋ?” ಎಂದು ತ್ರಿಶಲಾ ಅಂಗಿ ನೆನೆಹಾಕುತ್ತ ಕೇಳಿದ್ದಳು.

“ಸುತ್ತಲೂ ಕತ್ತಲಿ ಇರತದ, ನಡುವ ಒಂದ ಗೆರಿ ಬೆಂಕಿ. ಅದನ್ನ ನೋಡಿದ ಮ್ಯಾಲೆ ಬ್ಯಾರೆ ಏನೂ ಬೇಕಾಗೂದಿಲ್ಲ ನೋಡು.”

ಅವನು ಮಾಡಿದ್ದೂ ಅದನ್ನೇ. ಕಪ್ಪು ಪುಟ, ಓದುತ್ತ ಕೆಳಗಿಳಿದಂತೆ ಒಂದು ಕಿತ್ತಳೆ ಗೆರೆ ಜೊತೆಗೇ ಹರಿದು ಇಳಿದು, ಕೊನೆಗೆ ತಣಿದು, ಬೂದುಬಣ್ಣದ ಒಂದು ಪಂಪಿನ ಭಾಗವಾಗಿ ನಿಲ್ಲುತ್ತಿತ್ತು. ಕಂಪ್ಯೂಟರಿನ ಗಂಧಗಾಳಿಯಿಲ್ಲದ ತ್ರಿಶಲಾ ಕೂಡ ಅದನ್ನು ಎರಡೆರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿದ್ದಳು.

ರಾಯಪ್ಪನಿಗೆ ಕಪ್ಪು ಅಪಶಕುನವಾಗಿ ಕಂಡಿತು. ಬಿಳಿ ಮಾಡಿಸಿದ. ತಿರುಗುವ ಭೂಗೋಳ ಹಾಕಿಸಿದ. ಕೈಕುಲುಕುವ ಇಬ್ಬರು ಬಿಳಿಯರನ್ನು ತರಿಸಿದ. ಕಡೆಗೆ ಸೂಟು ತೊಟ್ಟ ತನ್ನ ಫೋಟೋ. ಪ್ರತಿ ಸಲವೂ ಅನೇಕಾಂತ ವಾದಿಸಿದ, ಪ್ರತಿ ಸಲವೂ ಸೋತ. ಸೋತ ಮೇಲೆ ಭೂಗೋಳವಾದರೂ ಸರಿಯಾದ ದಿಕ್ಕಿಗೆ ತಿರುಗಲೆಂದು ಒಂದು ಇಡೀ ದಿನ ಕೂತ.

*

ಗಾಡಿ ಖಾನಾಪುರದ ರಸ್ತೆ ಹಿಡಿಯಿತು. ಅನೇಕಾಂತನ ತಾಯಿ ಅಕ್ಕಾತಾಯಿ ಖಾನಾಪುರದಲ್ಲಿ ಹಿರಿಯ ಮಗ ಜಿನಪಾಲನ ಮನೆಯಲ್ಲಿದ್ದಳು. ಸೊಂಟ ಮುರಿದ ಮೇಲೆ ಅವಳು ಪ್ರಯಾಣ ಮಾಡುವಂತಿರಲಿಲ್ಲ. ಅವಳು ಬರಲಾರದ್ದಕ್ಕೆ ಮಗನೇ ಹೊರಟಿದ್ದ. ಮುಂದಿನ ಸೀಟಿನಲ್ಲಿ ವಹಾಬ, ಹಿಂದೆ ಶವದ ಪಕ್ಕದ ಬೆಂಚಿನಲ್ಲಿ ತ್ರಿಶಲಾ. ವಹಾಬನಿಗೆ ಈಗ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿ. ಮುಂಚೆ ವರ್ಷಗಟ್ಟಲೆ ಒಂದೇ ಕಂಪನಿಯಲ್ಲಿ ಅನೇಕಾಂತನ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡಿದವನು.

ದೇಸೂರು ದಾಟುವಾಗ ಮತ್ತೆ ಫೋನು.

“ಕೊಡ್ರಿ ವೈನಿ, ನಾ ಮಾತಾಡ್ತೀನಿ,” ಎಂದು ವಹಾಬ ಹಿಂದಕ್ಕೆ ಕೈಚಾಚಿದ. ತ್ರಿಶಲಾ ಕೊಡಲಿಲ್ಲ.

“ನಮಸ್ಕಾರ, ನಾನು ಹುಬ್ಬಳ್ಳಿಯಿಂದ ಮಾತಾಡ್ತಿದ್ದೇನೆ, ನೇಮಕಾತಿ ವಿಭಾಗ,” ಎಂದಿತು ಎಳೆಯ ಹೆಣ್ಣುದನಿ. “ಅನೇಕಾಂತ ಅವರು ಮೂರನೇ ಸುತ್ತಿಗೆ ಆಯ್ಕೆಯಾಗಿದ್ದಾರೆ. ನಾಳೆ ಹನ್ನೊಂದಕ್ಕೆ ಲಭ್ಯ ಇರ್ತಾರಾ?”

ತ್ರಿಶಲಾ ಬಿಳಿಬಟ್ಟೆಯತ್ತ ನೋಡಿದಳು. ಗಾಡಿ ಗುಂಡಿಯಲ್ಲಿ ಇಳಿದು ಹತ್ತುವಾಗ ಬಟ್ಟೆ ಜಾರದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದಳು.

“ಇರೂದಿಲ್ಲ.”

“ಹಾಗಾದರೆ ನಾಡಿದ್ದು?”

“ನಾಡಿದ್ದೂ ಇರೂದಿಲ್ಲವ್ವಾ. ಅವರು ಬರೂದಿಲ್ಲ.”

“ಓ. ಮೇಡಂ, ಕಾರಣ ಏನು ಅಂತ ತಿಳ್ಕೋಬಹುದಾ? ಇಲ್ಲಿ ಒಂದನ್ನ ಆರಿಸದಿದ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ. ಬೇರೆ ಕಡೆ ಕೆಲಸ ಸಿಕ್ತಾ? ಊರು ದೂರ ಆಯ್ತಾ? ಸಂಬಳ ಸಾಲದಾ?”

“ಮತ್ತೇನೈತಿ ಅದರಾಗ?”

“ಕೊನೆಗೆ ‘ಇತರೆ’ ಅಂತ ಇದೆ.”

“ಹಂಗಂದ್ರ ಅದನ್ನ ಹಾಕು.”

“ಥ್ಯಾಂಕ್ಯೂ ಮೇಡಂ, ನಿಮ್ಮ ದಿನ ಶುಭವಾಗಿರಲಿ.”

ವಹಾಬನಿಗೆ ಕೇಳಿಸಿತ್ತು. ಅವನ ಭುಜ ಅಲುಗಿತು. ಅದು ಅಳುವೋ ನಗುವೋ ಹಿಂದಿನಿಂದ ತಿಳಿಯಲಿಲ್ಲ. “ಮೂರನೇ ಸುತ್ತಂತ,” ಎಂದ. “ಹರಾಮಖೋರರು.”

*

ಕಂಪನಿ ಮುಚ್ಚಿದಾಗ ಅನೇಕಾಂತನಿಗೆ ನಲವತ್ತೈದು. ವಹಾಬ ಆ ವಾರವೇ ಫ್ಲೆಕ್ಸ್ ಯಂತ್ರ ತಂದ. ಅನೇಕಾಂತ ಕೆಲಸ ಹುಡುಕತೊಡಗಿದ. ಇಸ್ತ್ರಿ ಅಂಗಿ ತೊಟ್ಟು, ಕೆಳಗೆ ಮನೆಯ ಲುಂಗಿಯಲ್ಲೇ, ಪರದೆಯ ಮುಂದೆ ಕೂರುತ್ತಿದ್ದ. ಆ ಕಡೆ ಕೂತವರು ಅವನ ಅರ್ಧ ವಯಸ್ಸಿನವರು.

“ಐದು ವರ್ಷ ಆದಮೇಲೆ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ?” ಎಂದು ಒಬ್ಬ ಕೇಳಿದ್ದ.

“ಕನ್ನಡಿ ಮುಂದ, ಐವತ್ತು ವಯಸ್ಸಿನಾಗ,” ಎಂದಿದ್ದ ಅನೇಕಾಂತ. ಒಳಮನೆಯಿಂದ ಕೇಳಿಸಿಕೊಂಡ ತ್ರಿಶಲಾ ಹಣೆ ಚಚ್ಚಿಕೊಂಡಿದ್ದಳು.

ಪರೀಕ್ಷೆಗೆಂದು ಕೆಲಸ ಮಾಡಿಸಿಕೊಳ್ಳುವವರೂ ಇದ್ದರು. ಒಂದು ಮಸಾಲೆ ಕಂಪನಿಗೆ ಅವನು ಹಗಲೆಲ್ಲ ಕೂತು ಮಾಡಿಕೊಟ್ಟ ಮುಖಪುಟ ತಿಂಗಳಾದ ಮೇಲೆ ಅವರ ಸೈಟಿನಲ್ಲೇ ಕಾಣಿಸಿಕೊಂಡಿತು. ಕೆಲಸ ಮಾತ್ರ ಸಿಗಲಿಲ್ಲ. ತ್ರಿಶಲಾ ಜಗಳಕ್ಕೆ ಹೋಗೋಣವೆಂದಳು. ಅವನಿಗೆ ಬೇರೆಯೇ ಸಂಕಟ: “ಹಾಕೂದು ಹಾಕ್ಯಾರ, ಅಕ್ಷರದ ನಡುವಿನ ಜಾಗಾ ಎಲ್ಲಾ ಹಾಳ ಮಾಡ್ಯಾರಲ್ಲ!”

ನಿನ್ನೆ ಬೆಳಿಗ್ಗೆಯೂ ಕೆಲಸದ ಮಾತಿಗೇ ಜಗಳವಾಗಿತ್ತು. ಜಿನಪಾಲನ ಗೊಬ್ಬರದ ಅಂಗಡಿಯಲ್ಲಾದರೂ ಹೋಗಿ ಕೂತುಕೊಳ್ಳಿ ಎಂದು ಅವಳು ಅಂದಿದ್ದಳು.

“ಅಣ್ಣನ ಅಂಗಡಿ ಬೋರ್ಡ್ ನೋಡಿಯೇನ? ಏಳ ಬಣ್ಣ ಅದಾವ. ದಿನಾ ಅದರ ಕೆಳಗ ಹೆಂಗ ಹೋಗಲಿ?”

“ಕಣ್ಣ ಮುಚಗೊಂಡ ಹೋಗ್ರಿ!” ಎಂದು ಕಿರುಚಿ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದಳು. ಊಟಕ್ಕೆ ಕರೆಯಲು ಹೋದಾಗ ಅವನು ಕುರ್ಚಿಯಲ್ಲಿ ಒರಗಿದ್ದ.

*

ಖಾನಾಪುರದ ಮನೆಯಂಗಳದಲ್ಲಿ ಶವ ಇಳಿಸಿದರು. ಅಕ್ಕಾತಾಯಿ ಮಗನ ಮುಖ ಸವರಿ ಸವರಿ ಅತ್ತಳು. ಹೆಂಗಸರು ಜೈನರ ಣಮೋಕಾರ ಮಂತ್ರ ಹೇಳತೊಡಗಿದರು. ಅತ್ತ ಜಿನಪಾಲ ವಹಾಬನನ್ನು ಮೂಲೆಗೆ ಕರೆದೊಯ್ದ.

“ಒಂದ ಬ್ಯಾನರ್ ಆಗಬೇಕಲ್ಲಪಾ. ನಿನ್ನ ಅಂಗಡ್ಯಾಗ ಹೇಳಿಬಿಡು. ಚೌಕಿನ್ಯಾಗ ಹಚ್ಚೂಣು. ಎರಡೂ ಬಾಜು ಸಮಯಿ ದೀಪ, ಸುತ್ತ ಗುಲಾಬಿ, ಮ್ಯಾಲೆ ಮೋಡ. ಕೆಳಗ ನಮ್ಮ ಊರ ಹಿರ್ಯಾರ ಫೋಟೋ ಎಲ್ಲಾ ಬರಲಿ.”

ವಹಾಬ ತ್ರಿಶಲಾಳತ್ತ ನೋಡಿದ.

“ಹಿರ್ಯಾರು ಯಾಕ ಬರಬೇಕ್ರಿ ಭಾವಾ?” ಎಂದಳು ಅವಳು ಕೂತಲ್ಲಿಂದಲೇ. “ಸತ್ತವರು ಅವರೇನು?”

“ಪದ್ಧತಿ ಐತಿ ತ್ರಿಶಲಾ. ನಾಕ ಮಂದಿ ಏನಂತಾರ?”

ಅಷ್ಟರಲ್ಲಿ ಚಿಕ್ಕಪ್ಪನೊಬ್ಬ, ಬ್ಯಾನರು ಮರಾಠಿಯಲ್ಲಿರಲಿ, ಅಂಗಡಿಯ ಗಿರಾಕಿಗಳೆಲ್ಲ ಆ ಭಾಷೆಯವರು ಎಂದ. ಇನ್ನೊಬ್ಬ, ಕನ್ನಡವಿಲ್ಲದಿದ್ದರೆ ನಾಳೆ ಹರಿದುಹಾಕುತ್ತಾರೆ ಎಂದ. ಎರಡೂ ಇರಲಿ ಎಂದು ಜಿನಪಾಲ ಹೇಳಿದೊಡನೆ ಯಾವುದು ಮೇಲೆ ಎಂಬ ಪ್ರಶ್ನೆ ಎದ್ದಿತು. ಚಟ್ಟದ ಬಿದಿರು ಕಟ್ಟುತ್ತಿದ್ದವರೂ ಕೈಬಿಟ್ಟು ಮಾತಿಗೆ ಸೇರಿದರು.

“ಹೆಣಾ ಬಿಸಲಾಗೈತಿ!” ಎಂದು ತ್ರಿಶಲಾ ಕೂಗಿದಳು. ಹೆಂಗಸೊಬ್ಬಳು ಹೀಗೆ ದನಿಯೆತ್ತಿದ್ದಕ್ಕೆ ಕೆಲವರು ಮುಖ ಮುಖ ನೋಡಿಕೊಂಡರು. ಆದರೆ ಬಿದಿರಿಗೆ ಮತ್ತೆ ಹಗ್ಗ ಬಿತ್ತು. ಬ್ಯಾನರಿನ ಮಾತು ಅಲ್ಲಿಗೇ ನಿಂತಿತು.

ಗಂಡಸರು ಹೊತ್ತುಕೊಂಡು ಹೋದರು. ವಹಾಬನೂ ಮಣ್ಣಿನ ಹಾದಿಯಲ್ಲಿ ಹೆಗಲು ಕೊಟ್ಟು ನಡೆದ. ತಿರುವಿನಲ್ಲಿ ಮರೆಯಾಗುವವರೆಗೆ ತ್ರಿಶಲಾ ಬಾಗಿಲಲ್ಲಿ ನಿಂತಿದ್ದಳು. ಆಮೇಲೂ ನಿಂತಿದ್ದಳು. ನಿನ್ನೆ ತಾನು ಬಾಗಿಲು ಹಾಕಿಕೊಂಡದ್ದು ಮಾತ್ರ ನೆನಪಾಗುತ್ತಿತ್ತು.

*

ಗಂಡಸರು ಸ್ಮಶಾನದಿಂದ ಬಂದು ಸ್ನಾನ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಪರವೂರಿನ ಹೆಂಗಸರು ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದರು. ಸಾವಿನ ಮನೆಯಲ್ಲಿ ಹೊರಡುವ ಮಾತನ್ನು ಮೊದಲು ಯಾರು ಆಡುವುದೆಂದು ಒಬ್ಬರಿಗೊಬ್ಬರು ಕಾಯುತ್ತಿದ್ದಂತಿತ್ತು.

ಆಗ ಬಿಳಿಕೋಲು ಹಿಡಿದ ಹೆಂಗಸೊಬ್ಬಳು ಬಾಗಿಲ ಚೌಕಟ್ಟು ತಡವುತ್ತ ಒಳಗೆ ಬಂದಳು. “ಅನೇಕಾಂತ ಸರ್ ಮನಿ ಇದ ಹೌದಲ್ರಿ? ನಾನು ಕಾಂತಾ, ನಂದಗಡದಾಕಿ. ಇಲ್ಲಿ ಸೊಸೈಟಿ ಬ್ಯಾಂಕಿನ್ಯಾಗ ಫೋನ್ ಎತ್ತೂ ಕೆಲಸಾ ಮಾಡತೀನಿ.”

ಯಾರೋ ಅವಳ ಕೈ ಹಿಡಿದು ತ್ರಿಶಲಾಳ ಪಕ್ಕದಲ್ಲಿ ಕೂರಿಸಿದರು.

“ಮುಂಜಾನಿ ನಾ ಫೋನ್ ಮಾಡಿದ್ದೆರೀ. ‘ತೀರಿಕೊಂಡಾರ’ ಅಂದು ನೀವು ಇಟ್ಟಬಿಟ್ಟ್ರಿ. ಊರಾಗ ಮನಿ ಕೇಳಕೋತ ಬಂದೆ.”

“ಭಾಳ ಮಂದಿ ಮಾಡಿದ್ರು,” ಎಂದಳು ತ್ರಿಶಲಾ ಬಿರುಸಾಗಿ. “ನಿಮದೇನ ದೊಡ್ಡದ ಮಾಡಬೇಕಿತ್ತು?”

ಕಾಂತಾಳಿಗೆ ಅರ್ಥವಾಗಲಿಲ್ಲ. “ದೊಡ್ಡದೇನಿಲ್ರಿ. ಹಲಶಿ ಬಸ್ಸಿನ ಟೈಮ್ ಬದಲಾಗೈತಿ, ಅದನ್ನ ಹೇಳಾಕ ಮಾಡಿದ್ದೆ. ಬದಲಾದಾಗೆಲ್ಲಾ ನಾ ಹೇಳತಿದ್ದೆ, ಸರ್ ತಿದ್ದತಿದ್ರು.”

ತ್ರಿಶಲಾಳಿಗೆ ಆಗ ಹೊಳೆಯಿತು, ಆ ಟವೆಲ್ಲಿನ ಸಂಗತಿಗೆ ಕಾರಣ ಇವಳೇ.

*

ತಾಯಿಯನ್ನು ನೋಡಿಕೊಂಡು ಬೆಳಗಾವಿಗೆ ಹಿಂತಿರುಗಲು ಅನೇಕಾಂತ ಖಾನಾಪುರದ ಬಸ್ ನಿಲ್ದಾಣದಲ್ಲಿ ಕೂತಿದ್ದ ಒಂದು ಸಂಜೆ, ಕುರುಡಿಯೊಬ್ಬಳು ಬಂದ ಬಂದವರನ್ನೆಲ್ಲ “ಇದ ಯಾವೂರ ಬಸ್ರಿ?” ಎಂದು ಕೇಳುತ್ತಿದ್ದಳಂತೆ. ಅವನು ಅವಳೊಂದಿಗೆ ಮಾತಾಡುತ್ತ ಕೂತು ತನ್ನ ಬಸ್ಸನ್ನೇ ತಪ್ಪಿಸಿಕೊಂಡಿದ್ದ. ಕೈಯಲ್ಲಿ ಓದಿಹೇಳುವ ಫೋನಿದೆ, ಆದರೆ ಬಸ್ಸಿನ ವೇಳೆ ಇರುವ ಪುಟಗಳೆಲ್ಲ ಬರೀ ಚಿತ್ರ, ಫೋನು ಓದುವುದಿಲ್ಲ ಎಂದು ಅವಳು ಹೇಳಿದ್ದಳು.

ಮರುದಿನ ತರಕಾರಿ ತಂದ ತ್ರಿಶಲಾ ಬಾಗಿಲು ತೆರೆದರೆ, ಇವನು ಕಣ್ಣಿಗೆ ಟವೆಲ್ಲು ಬಿಗಿದುಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾನೆ. ಯಂತ್ರ ಏನೇನೋ ಗಳಹುತ್ತಿದೆ. ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಗಿದೆ.

“ವಾಸನಿನೂ ಬರಲಿಲ್ಲೇನ್ರಿ ನಿಮಗ?”

“ತ್ರಿಶಲಾ, ನಾ ಮಾಡಿದ ವೆಬ್‌ಸೈಟ್‌ನ್ಯಾಗ ನನಗ ದಾರಿ ಸಿಗವಲ್ದು,” ಎಂದ ಅವನು ಟವೆಲ್ಲು ಬಿಚ್ಚದೆಯೇ. “ಇಪ್ಪತ್ತ ವರ್ಷ ಮಾಡೀನಿ. ಒಂದರಾಗೂ ಬಾಗಲಾ ಸಿಗವಲ್ದು.”

ಕೆಲಸವಿಲ್ಲದ ತಿಂಗಳುಗಳು ಹೀಗೆ ಟವೆಲ್ಲು ಕಟ್ಟಿಕೊಂಡೇ ಕಳೆದವು. ಯಾರೂ ಮಾಡೆನ್ನದ ಕೆಲಸ. ಮುಗಿದ ಮೇಲೆ ಅವಳಿಗೆ ತೋರಿಸಿದ: ಬಿಳಿ ಹಾಳೆಯಲ್ಲಿ ಕಪ್ಪು ಅಕ್ಷರ, ಊರ ಹೆಸರು, ಬಸ್ಸಿನ ವೇಳೆ. ಒಂದು ಚಿತ್ರವಿಲ್ಲ, ಒಂದು ಬಣ್ಣವಿಲ್ಲ.

“ಇದರಾಗ ನೀವೇನ ಮಾಡೀರಿ?” ಎಂದು ಅವಳು ಕೇಳಿದ್ದಳು. ಆಮೇಲಿನ ಎಲ್ಲ ಸಂದರ್ಶನಗಳಲ್ಲೂ ಅವನು ಹಟಹಿಡಿದು ಮೊದಲು ಅದನ್ನೇ ತೋರಿಸಿದ. ಎಲ್ಲರೂ ಅವಳು ಕೇಳಿದ್ದನ್ನೇ ಕೇಳಿದರು.

*

“ಸರ್ ದನಿ ಅಷ್ಟ ಗೊತ್ತು ನನಗ,” ಎಂದಳು ಕಾಂತಾ. “ಹೆಂಗಿದ್ರಂತ ಗೊತ್ತಿಲ್ಲ.”

ತ್ರಿಶಲಾ ಉತ್ತರಿಸಲು ನೋಡಿದಳು. ಎತ್ತರವೆನ್ನಲೇ, ಬಣ್ಣವೆನ್ನಲೇ, ಯಾವುದೂ ಸರಿಹೋಗಲಿಲ್ಲ. “ಹಟಮಾರಿ ಇದ್ರು,” ಎಂದಳು. ಅಷ್ಟು ಹೇಳುವಾಗ ಬೆಳಗಿನಿಂದ ಬಿಗಿಹಿಡಿದದ್ದು ಒಡೆಯಿತು. ಸೆರಗಿನಲ್ಲಿ ಮುಖ ಹುದುಗಿಸಿ, ಸಿಟ್ಟಿನಿಂದ ಎಂಬಂತೆ, ದೊಡ್ಡ ದನಿಯಲ್ಲಿ ಅತ್ತಳು. ಕಾಂತಾ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

ಅಳು ತಗ್ಗಿದ ಮೇಲೆ ಅಕ್ಕಾತಾಯಿ ಹಾಸಿಗೆಯಿಂದ ಕೇಳಿದಳು: “ಏನ ಮಾಡಿದ್ದನವಾ ನನ್ನ ಮಗಾ ನಿನಗ?”

ಕಾಂತಾ ಎದ್ದು ದನಿ ಬಂದತ್ತ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತು ಫೋನು ತೆಗೆದಳು. ಹೆಬ್ಬೆರಳು ಸರಿಸಿ ಅವನು ಮಾಡಿದ ಪುಟ ತೆರೆದಳು. ಫೋನು ಅರಳು ಹುರಿದಂತೆ ಮಾತಾಡಿತು.

“ಸಾವಕಾಶ ಹೇಳಂತ ಹೇಳವಾ ಅದಕ್ಕ,” ಎಂದಳು ಅಕ್ಕಾತಾಯಿ.

ಕಾಂತಾ ವೇಗ ತಗ್ಗಿಸಿದಳು. ಪಡಸಾಲೆಯ ತುಂಬ ಸ್ಪಷ್ಟವಾಗಿ ಕೇಳಿಸತೊಡಗಿತು: ಖಾನಾಪುರದಿಂದ ಬೀಡಿ, ಐದೂಕಾಲು. ಖಾನಾಪುರದಿಂದ ಜಾಂಬೋಟಿ, ಐದೂವರೆ. ಖಾನಾಪುರದಿಂದ ಪಾರಿಶ್ವಾಡ...

ಗೋಡೆಗೆ ಒರಗಿದ್ದ ಹೆಂಗಸರಲ್ಲಿ ಬೀಡಿಯವರು ಗಡಿಯಾರ ನೋಡಿ ಮೆಲ್ಲಗೆ ಎದ್ದರು. ಸಾವಿನ ಮನೆಯಲ್ಲಿ ಹೋಗಿಬರುತ್ತೇನೆ ಎನ್ನಬಾರದು. ತ್ರಿಶಲಾಳ ತಲೆ ಮುಟ್ಟಿ, ಸೆರಗು ಹೊದ್ದು, ಹೊರಗಿನ ಚಪ್ಪಲಿ ರಾಶಿಯಲ್ಲಿ ತಮ್ಮವನ್ನು ಹುಡುಕಿಕೊಂಡರು. ಆಮೇಲೆ ಜಾಂಬೋಟಿಯವರು ಎದ್ದರು. ಅಕ್ಕಾತಾಯಿ ಕಿವಿಯನ್ನು ಫೋನಿನ ಹತ್ತಿರ ಒಯ್ದು ಊರಿನ ಹೆಸರುಗಳನ್ನು ಒಂದೊಂದಾಗಿ ಕೇಳುತ್ತಿದ್ದಳು.