ಅಂಬಿಗಜ್ಜ ಮತ್ತು ನಡುಗಡ್ಡೆಯ ಡಬ್ಬಿ

ಹೊಳೆಗೆ ಸೇತುವೆ ಬಂತು. ಊರಿಗೆ ಅನುಕೂಲವೇನೋ ಆಯಿತು. ಆದರೆ ಅಂಬಿಗಜ್ಜನ ದೋಣಿ ಮಾತ್ರ ಗೂಟಕ್ಕೆ ಕಟ್ಟಿದ ಮುದಿ ದನದಂತೆ ದಡದಲ್ಲಿ ನಿಂತುಬಿಟ್ಟಿತು. ಬಸ್ಸುಗಳು ತಲೆಯ ಮೇಲೆ ಭರ್ರನೆ ಹೋಗುತ್ತಿದ್ದವು. ಕೆಳಗೊಂದು ಊರಿದೆ ಎನ್ನುವುದು ಕಿಟಕಿಯ ಪಕ್ಕ ಕೂತವರಿಗೆ ಕನಸಿನಲ್ಲೂ ಹೊಳೆಯುತ್ತಿರಲಿಲ್ಲ. ದೋಣಿ ಹತ್ತುವ ಕಡವಿನಲ್ಲಿ ಸೊಸೆ ನಡೆಸುತ್ತಿದ್ದ ಚಹಾದಂಗಡಿಗೆ ನೊಣಗಳೇ ಗಿರಾಕಿ.

ಮಳೆಗೆ ಮುಂಚೆ ದೋಣಿಯ ತಳಕ್ಕೆ ಡಾಂಬರು ಬಳಿಯಬೇಕು, ಇಲ್ಲದಿದ್ದರೆ ಹಲಗೆ ಬಿರಿಯುತ್ತದೆ. ಬಳಿಯುವುದಾದರೂ ಯಾರಿಗಾಗಿ? ಅಜ್ಜ ಮರದ ಮಿಲ್ಲಿನವನಿಗೆ ಮಾತು ಕೊಟ್ಟುಬಿಟ್ಟಿದ್ದ. ಮುಂದಿನ ತಿಂಗಳ ಮೊದಲ ಸೋಮವಾರ ಬಂದು ಅವನು ದೋಣಿಯನ್ನು ಒಡೆದು ಒಯ್ಯುವುದೆಂದು ನಿಗದಿಯಾಗಿತ್ತು.

ಅಷ್ಟರಲ್ಲಿ ಊರ ಗ್ರಂಥಾಲಯದ ಅಕ್ಕ ಒಂದು ಸಣ್ಣ ಡಬ್ಬಿ ಹಿಡಿದು ಅಂಗಡಿಗೆ ಬಂದಳು.

"ಅಜ್ಜಾ, ಇದನ್ನ ಹೊಳೆ ಮಧ್ಯದ ನಡುಗಡ್ಡೆಯಲ್ಲಿ ಅಡಗಿಸಿಡೋಣ. ಪಂಚಾಯ್ತಿ ಒಪ್ಪಿದೆ."

"ಏನಿದೆ ಒಳಗೆ? ಚಿನ್ನವಾ?"

"ಒಂದು ಪೆನ್ಸಿಲ್ಲು, ಹೆಸರು ಬರೆಯೋಕೆ ಒಂದು ಕಾಗದದ ಸುರುಳಿ."

ಅಜ್ಜ ನಕ್ಕ. "ಇದನ್ನ ಹುಡುಕೋಕೆ ಯಾರಮ್ಮಾ ಬರ್ತಾರೆ? ತಲೆ ಕೆಟ್ಟವರಾ?"

"ಇದಕ್ಕೆ ಜಿಯೋಕ್ಯಾಶಿಂಗ್ ಅಂತಾರೆ ಅಜ್ಜಾ. ಡಬ್ಬಿ ಇರೋ ಜಾಗದ ಗುರುತನ್ನ ಇಂಟರ್ನೆಟ್ಟಲ್ಲಿ ಹಾಕ್ತೀವಿ. ಈ ಆಟದ ಹುಚ್ಚಿರೋರು ಮೊಬೈಲಿನ ನಕ್ಷೆ ನೋಡ್ಕೊಂಡು ದೂರದಿಂದ ಬರ್ತಾರೆ. ಹುಡುಕ್ತಾರೆ, ಹೆಸರು ಬರೀತಾರೆ, ಇದ್ದ ಹಾಗೇ ಇಟ್ಟು ಹೋಗ್ತಾರೆ. ನಡುಗಡ್ಡೆಗೆ ಸೇತುವೆ ಇಲ್ಲವಲ್ಲ, ದೋಣೀನೇ ಬೇಕು."

"ಇಟ್ಟು ನೋಡೋಣ ಮಾವ, ಅದೇನು ಅನ್ನ ಕೇಳುತ್ತಾ?" ಎಂದಳು ಸೊಸೆ.

ಅಕ್ಕ ಡಬ್ಬಿಯನ್ನು ನಡುಗಡ್ಡೆಯ ಹಳೆಯ ಮರದ ಪೊಟರೆಯಲ್ಲಿಟ್ಟಳು. ಹಕ್ಕಿ ಗೂಡಿಲ್ಲದ, ನೆರೆಯ ನೀರು ಮುಟ್ಟದ ಪೊಟರೆ. ದೋಣಿಗೆ ತೇಲುಜಾಕೆಟ್ಟುಗಳನ್ನೂ ತಂದುಕೊಟ್ಟಳು.

ಜನ ಬಂದರು! ಆದರೆ ಬಂದಷ್ಟೇ ಬೇಗ ಹೋದರು. ಕಾರು ನಿಲ್ಲಿಸುವುದು, ಹೆಸರು ಬರೆಯುವುದು, ಹೊರಡುವುದು. ದೋಣಿ ಹತ್ತುವವರಿಲ್ಲ, ಚಹಾ ಕೇಳುವವರಿಲ್ಲ. ಅಕ್ಕನಿಗೆ ಏನೋ ಅನುಮಾನ ಬಂತು. ಕಡವಿಗೆ ಬಂದು ನೋಡಿದರೆ, ಡಬ್ಬಿ ಅಜ್ಜನ ಮಡಿಲಲ್ಲಿ!

"ಇದು ಇಲ್ಲಿಗೆ ಹೇಗೆ ಬಂತು ಅಜ್ಜಾ?"

"ನಾನೇ ದಿನಾ ಬೆಳಗ್ಗೆ ಹೋಗಿ ತಂದಿಟ್ಕೋತೀನಿ. ಪಾಪ, ಅಷ್ಟು ದೂರದಿಂದ ಬಂದವರು. ಬಿಸಿಲಲ್ಲಿ ಯಾಕೆ ಅಲೆಸೋದು? ಕೈಗೇ ಕೊಟ್ಟುಬಿಡ್ತೀನಿ."

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಅಜ್ಜಾ! ಅವರು ಬರೋದೇ ಅಲೆಯೋಕೆ. ಹುಡುಕೋದೇ ಅವರಿಗೆ ಹಬ್ಬದೂಟ. ನೀವು ಎಲೆ ಹಾಕೋ ಮೊದಲೇ ಕೈ ತೊಳೆಸಿ ಕಳಿಸ್ತಾ ಇದೀರಲ್ಲ!"

ಅಜ್ಜನ ಮುಖ ಸಣ್ಣದಾಯಿತು. ಜೀವಮಾನವಿಡೀ ಯಾರನ್ನೂ ದಡದಲ್ಲಿ ಕಾಯಿಸದವನು ಅವನು. ಡಬ್ಬಿಯನ್ನೇನೋ ಅಂದೇ ಪೊಟರೆಗೆ ಮರಳಿಸಿದ, ಆದರೆ ಗೊತ್ತಿದ್ದೂ ಸುಮ್ಮನೆ ಕೂರುವುದು ಅವನಿಗೆ ಹೊಸ ವಿದ್ಯೆ.

ಆ ಭಾನುವಾರ ಬೆಳಗ್ಗೆ ಗಂಡಹೆಂಡತಿ ಇಬ್ಬರು ಬಂದರು. ಮರುದಿನವೇ ಮಿಲ್ಲಿನವನು ಬರುವವನು. ಇದೇ ಕೊನೆಯ ಸವಾರಿ ಎಂದುಕೊಂಡು ಅಜ್ಜ ಹುಟ್ಟು ಹಾಕಿದ. ಹೊಳೆಯ ಮೇಲೆ ಇನ್ನೂ ಮಂಜಿತ್ತು. ಸೇತುವೆ ಮಂಜಿನಲ್ಲಿ ಕರಗಿಹೋಗಿ, ಹೊಳೆ ಹಿಂದಿನ ಹೊಳೆಯೇ ಆಗಿತ್ತು. ಹುಟ್ಟಿನಿಂದ ಜಾರುವ ಹನಿಗಳ ಸದ್ದು ಯಾರೋ ಮೆಲ್ಲಗೆ ಹಾಡು ಹೇಳಿದಂತೆ ಕೇಳುತ್ತಿತ್ತು.

ನಡುಗಡ್ಡೆಯಲ್ಲಿ ಹೆಂಡತಿ ಮರದ ಸುತ್ತ ಸುತ್ತಿದಳು. ಪೊಟರೆಯ ಹತ್ತಿರ ಬಂದಳು, ದಾಟಿ ಹೋದಳು. ಅಜ್ಜನ ನಾಲಿಗೆಯ ತುದಿ ತುರಿಸಿತು. 'ಅಲ್ಲೇ ತಾಯಿ, ನಿನ್ನ ಮೊಣಕೈ ಹತ್ತಿರ' ಎನ್ನುವುದನ್ನು ನುಂಗಿಕೊಂಡು ಆಕಾಶ ನೋಡುತ್ತ ಕೂತ.

"ನಿಮಗೆ ಗೊತ್ತಿರಬೇಕಲ್ಲ ಅಜ್ಜಾ?" ಗಂಡ ಕೇಳಿದ.

"ನನಗೆ ಹೊಳೆ ಒಂದೇ ಗೊತ್ತಪ್ಪ."

"ಹಾಗಾದ್ರೆ ಹೊಳೆ ಕಥೇನೇ ಹೇಳಿ."

ಅಜ್ಜ ಹೇಳತೊಡಗಿದ. ಈ ದೋಣಿಯಲ್ಲಿ ದಾಟಿದ ಮದುಮಗಳು, ದಾಟುವಾಗಲೇ ಹುಟ್ಟಿದ ಕರು, ನಟ್ಟನಡುವೆ ಜಗಳವಾಡಿ ಇಳಿಯಲು ದಾರಿಯಿಲ್ಲದೆ ರಾಜಿಯಾದ ಅಣ್ಣತಮ್ಮ. ಹುಡುಕುತ್ತಿದ್ದವಳೂ ಬಂದು ಕೂತು ಕೇಳಿದಳು. ಮಂಜು ಹರಿದು ಬಿಸಿಲೇರಿದ ಮೇಲೆ ಅವಳು ಎದ್ದು ಮರಕ್ಕೆ ಒರಗಿದಳು, ಕೈ ತಾನಾಗಿ ಪೊಟರೆಗೆ ಹೋಯಿತು.

"ಸಿಕ್ತು!" ಆ ಕೂಗಿಗೆ ನಡುಗಡ್ಡೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ದಡಕ್ಕೆ ಬಂದವರು ಸೊಸೆಯ ಕೈಯ ಚಹಾ ಎರಡೆರಡು ಸಲ ಕುಡಿದರು. "ಮುಂದಿನ ವಾರ ಸ್ನೇಹಿತರನ್ನ ಕರ್ಕೊಂಡು ಬರ್ತೀವಿ. ದೋಣಿ ಇರುತ್ತಲ್ಲ ಅಜ್ಜಾ?"

ಅಜ್ಜ ದೋಣಿಯ ಕಡೆ ನೋಡಿದ. "ಇರುತ್ತೆ."

ಅವರು ಹೋದ ಮೇಲೆ ಸೊಸೆ ಮೆಲ್ಲಗೆ ಕೇಳಿದಳು, "ಮಾವ, ನಾಳೆ ಮಿಲ್ಲಿನವನು?"

"ಬರಲಿ. ಅವನೂ ಡಬ್ಬಿ ಹುಡುಕಲಿ! ನೀನು ಒಲೆ ಆರಿಸಬೇಡ, ಡಾಂಬರು ಕಾಯಿಸಬೇಕು."

ಓದುವ ಅಕ್ಕ, ಅಣ್ಣ, ನಿಮ್ಮ ಊರಿನಲ್ಲೂ ಯಾರೂ ತಿರುಗಿ ನೋಡದ ಒಂದು ಚೆಂದದ ಜಾಗ ಇದ್ದೇ ಇರುತ್ತದೆ. ಜಾಗದವರ ಒಪ್ಪಿಗೆ ಕೇಳಿ, ಆಟದ ನಿಯಮ ತಿಳಿದುಕೊಂಡು, ನೀರು ಇಳಿಯದ ಒಂದು ಡಬ್ಬಿ ಅಡಗಿಸಿಡಿ. ತಿನ್ನುವ ವಸ್ತು ಅದರಲ್ಲಿ ಬೇಡ. ಅಪಾಯದ ಜಾಗವೂ ಬೇಡ. ಬಂದವರಿಗೆ ನೀರು ಕೊಡಿ, ನೆರಳು ಕೊಡಿ, ನಿಮ್ಮ ಊರಿನ ಕಥೆ ಹೇಳಿ. ಡಬ್ಬಿ ಎಲ್ಲಿದೆ ಎಂದು ಮಾತ್ರ ದಯವಿಟ್ಟು ಹೇಳಬೇಡಿ!