ಗೂಟದ ಮಾವ

ಅವರ ಜೊತೆ ಬೀದಿಯಲ್ಲಿ ಹೆಜ್ಜೆ ಹಾಕಿದವರಿಗೆಲ್ಲ ಒಮ್ಮೆಯಾದರೂ ಆಗಿರುವ ಅನುಭವ ಇದು: ಎದುರಿನಿಂದ ಬಂದ ಅಪರಿಚಿತರು ಯಾರೋ ತಟ್ಟನೆ ನಿಂತು, ಕತ್ತು ಬಗ್ಗಿಸಿ, ‘ಏನು ಬೀಳಿಸ್ಕೊಂಡ್ರಿ, ಯಜಮಾನ್ರೇ?’ ಎಂದು ಕಾಳಜಿಯಿಂದ ಕೇಳುತ್ತಾರೆ. ಬೀಳಿಸಿಕೊಂಡದ್ದು ಏನೂ ಇರುವುದಿಲ್ಲ. ದೃಷ್ಟಿಯನ್ನು ಕೆಳಗೇ ನೆಟ್ಟು, ತಲೆಯನ್ನು ಎಡಕ್ಕೆ ಒಂದಿಷ್ಟು ವಾಲಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು, ಕಳೆದುಹೋದದ್ದನ್ನು ಹುಡುಕುವವರ ಗಂಭೀರ ನಿಧಾನದಲ್ಲಿ ನಡೆಯುವುದು ಅವರ ಹುಟ್ಟುಗುಣ. ಒಮ್ಮೆ ಅಂಚೆ ಕಚೇರಿಯ ಮುಂದೆ ಇಬ್ಬರು ಹೆಂಗಸರೂ ಒಬ್ಬ ಕೊಡೆ ರಿಪೇರಿಯವನೂ ತಾವಾಗಿಯೇ ಅವರೊಂದಿಗೆ ಸೇರಿ ಕಾಲುದಾರಿಯನ್ನೆಲ್ಲ ಜಾಲಾಡಿ, ಕೊನೆಗೆ ಯಾರದೋ ಅಂಗಿಯ ಗುಂಡಿಯೊಂದನ್ನು ಹೆಕ್ಕಿ ವಿಜಯೋತ್ಸಾಹದಿಂದ ಅವರ ಅಂಗೈಯಲ್ಲಿಟ್ಟಿದ್ದರು. ಅವರು ಅದನ್ನು ಬೇಡವೆನ್ನದೆ ಕೋಟಿನ ಜೇಬಿಗೆ ಸೇರಿಸಿದರು. ‘ಅಷ್ಟು ಕಷ್ಟಪಟ್ಟು ಹುಡುಕಿದಾರೆ. ಬೇಡ ಅಂದ್ರೆ ಬೇಜಾರಾಗಲ್ವಾ? ಆಗುತ್ತೆ.’

ಹೀಗೆ ತಾವೇ ಪ್ರಶ್ನೆ ಕೇಳಿ, ಎದುರಿನವರು ಬಾಯಿ ತೆರೆಯುವುದರೊಳಗೆ ತಾವೇ ಉತ್ತರ ಹೇಳಿ ಮುಗಿಸುವುದು ಅವರ ಮಾತಿನ ಧಾಟಿ. ವೃತ್ತಿಯಿಂದ ಭೂಮಾಪಕರು. ಸರ್ವೆ ಕಚೇರಿಯ ಮೇಲ್ಮಹಡಿಯಲ್ಲಿ, ನಕ್ಷೆಗಳ ಸುರುಳಿಗಳೂ ಕಿರುಗುಟ್ಟುವ ಫ್ಯಾನೂ ಇರುವ ಕೋಣೆಯೊಂದರಲ್ಲಿ ಅವರ ಮೇಜು. ಆದರೆ ಆ ಮೇಜಿನ ಮುಂದೆ ಕೂತದ್ದಕ್ಕಿಂತ ಬಿಸಿಲಲ್ಲಿ ನಿಂತದ್ದೇ ಹೆಚ್ಚು. ಅಣ್ಣತಮ್ಮಂದಿರ ಪಾಲು, ನೆರೆಹೊರೆಯವರ ಗಡಿ ತಕರಾರು, ಒಂದಡಿ ನೆಲಕ್ಕಾಗಿ ಮಾತುಬಿಟ್ಟ ಸಂಬಂಧಿಕರು—ಇವರೆಲ್ಲರ ನಡುವೆ ನಿಂತು, ಎರಡೂ ಕಡೆಯ ಬೈಗುಳವನ್ನು ಸಮಭಾವದಿಂದ ಸ್ವೀಕರಿಸುತ್ತ ಗೂಟ ಹೊಡೆಯುವುದು ಅವರ ಕಾಯಕ. ವಾರವೆಲ್ಲ ಜನರನ್ನು ಬೇರ್ಪಡಿಸಲು ಗೂಟ ನೆಡುವ ಈ ಮನುಷ್ಯ ಭಾನುವಾರ ಬೆಳಗಾಯಿತೆಂದರೆ ಇನ್ನೊಂದು ಮೂಟೆ ಗೂಟಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲಿಗೆ ನಮ್ಮೆಲ್ಲರಿಗಿಂತ ಮೊದಲು ಹಾಜರಾಗುತ್ತಿದ್ದರು. ನಮ್ಮ ಗುಂಪಿನ ನರ್ಸಮ್ಮ ಅವರ ಅಕ್ಕನ ಮಗಳು. ಅವಳು ಮಾವ ಎಂದು ಕರೆದಳು, ನಾವೂ ಕರೆದೆವು. ಅದರ ಹಿಂದೆ ಗೂಟವನ್ನು ಸೇರಿಸಿದವರು ಯಾರೋ ನೆನಪಿಲ್ಲ. ಹೆಸರು ಮಾತ್ರ ಭದ್ರವಾಗಿ ನೆಟ್ಟುಕೊಂಡಿತು.

ಭಾನುವಾರಗಳಂದು ನಾವು ಅಲ್ಲಿ ಆಡುತ್ತಿದ್ದ ಸೈಕ್ಲೋಕ್ರಾಸ್ ಎಂಬುದು ಸೈಕಲ್ ಓಟಗಳ ಮರ್ಯಾದಸ್ಥ ಬಳಗಕ್ಕೆ ಸೇರಿದ್ದಲ್ಲ. ನುಣುಪಾದ ರಸ್ತೆ ಅದಕ್ಕೆ ವರ್ಜ್ಯ. ಕೆಸರು, ಹುಲ್ಲು, ಮರಳು, ದಿಬ್ಬ, ಅಡ್ಡ ಹಾಕಿದ ಹಲಗೆ—ಇವುಗಳ ನಡುವೆ ಸುತ್ತಿಬರುವ ಕಿರಿದಾದ ದಾರಿಯೊಂದರಲ್ಲಿ ಮತ್ತೆ ಮತ್ತೆ ಸುತ್ತು ಹಾಕಬೇಕು. ಓಡಿಸಲಾಗದ ಕಡೆ ಇಳಿಯಬೇಕು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು, ಮತ್ತೆ ನೆಗೆದು ಹತ್ತಬೇಕು. ನಮ್ಮನ್ನು ಹೊರಬೇಕಾದ ವಾಹನವನ್ನು ನಾವೇ ಹೊತ್ತು ಏದುಸಿರು ಬಿಡುವ ಈ ಆಟದಲ್ಲಿ ಏನು ಸುಖವಿದೆಯೆಂದು ನಮ್ಮ ಮನೆಗಳಲ್ಲಿ ಆಗಾಗ ಕೇಳಲಾಗುತ್ತಿತ್ತು. ನರ್ಸಮ್ಮ, ಬೇಕರಿಯವನು, ಮುದ್ರಣಾಲಯದಲ್ಲಿ ಕರಡು ತಿದ್ದುವ ನಾನು, ಮತ್ತೆ ಬಂದರೆ ಬಂದರು ಹೋದರೆ ಹೋದರು ಎಂಬಂಥ ಕೆಲವರು: ಇಷ್ಟೇ ನಮ್ಮ ದಂಡು. ಬಹುಮಾನವಿಲ್ಲ, ಪ್ರೇಕ್ಷಕರೆಂದರೆ ಒಂದೆರಡು ನಾಯಿಗಳು. ದಾರಿಯನ್ನು ಗುರುತಿಸಿ ಗೂಟ ನೆಟ್ಟು ಹಗ್ಗ ಕಟ್ಟುವ ಹೊಣೆ ಮಾವನದು. ಅದರಲ್ಲಿ ಅವರು ಯಾರ ಸಲಹೆಯನ್ನೂ ಕೇಳುತ್ತಿರಲಿಲ್ಲ, ಕೆಲಸ ಮುಗಿಯುವವರೆಗೆ ಯಾರೂ ಬಯಲಿಗೆ ಕಾಲಿಡಕೂಡದೆಂಬ ಹಟ ಬೇರೆ.

ಸವಾರರಾಗಿ ಅವರು ನಗೆಪಾಟಲು. ಜೇಬುಗಳೆಲ್ಲ ಜೋತುಬಿದ್ದ ಖಾಕಿ ಕೋಟನ್ನು ಓಟದ ನಡುವೆಯೂ ಬಿಚ್ಚುತ್ತಿರಲಿಲ್ಲ. ಅದರೊಳಗೆ ಹಗ್ಗದ ಉಂಡೆ, ಸುಣ್ಣದ ಪೊಟ್ಟಣ, ಮರದ ಕೊಡತಿ. ಯಾರಾದರೂ ತಿರುವಿನಲ್ಲಿ ಗೂಟವೊಂದನ್ನು ಕೆಡವಿ ಹೋದರೆ, ಹಿಂದಿನಿಂದ ಬರುತ್ತಿದ್ದ ಮಾವ ಅಲ್ಲಿಯೇ ಇಳಿದು, ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ಕೊಡತಿಯಿಂದ ಅದನ್ನು ಬಡಿದು ನಿಲ್ಲಿಸಿ, ಹಗ್ಗ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗಿದೆಯೇ ಎಂದು ನೋಡಿ, ಆಮೇಲೆ ಹೊರಡುವರು. ಕೊನೆಯ ಸ್ಥಾನ ಹೀಗೆ ಅವರಿಗೆ ಖಾಯಂ ಆಗಿತ್ತು.

ಆ ದಾರಿಗಳಲ್ಲಿ ಒಂದು ವಿಚಿತ್ರವಿತ್ತು. ಬೇಕರಿಯವನು ಬಯಲಿನಲ್ಲಿ ಆನೆಯಂತೆ ನಿಧಾನ. ಆದರೆ ಮಣ್ಣಿನ ದಿಬ್ಬದ ಬುಡ ಬಂತೆಂದರೆ, ಹಿಟ್ಟಿನ ಮೂಟೆ ಎತ್ತಿ ಪಳಗಿದ ಅವನ ಹೆಗಲಿಗೆ ಸೈಕಲ್ಲೊಂದು ಟವೆಲಿನಷ್ಟು ಹಗುರ, ಅಲ್ಲಿ ಎಲ್ಲರನ್ನೂ ದಾಟಿ ಮೇಲೆ ನಿಂತಿರುತ್ತಿದ್ದ. ಆಸ್ಪತ್ರೆಯ ಇಕ್ಕಟ್ಟಿನ ಮೊಗಸಾಲೆಗಳಲ್ಲಿ ಗಾಲಿಮಂಚ ತಳ್ಳುವ ನರ್ಸಮ್ಮ ಕಾರ್ಖಾನೆಯ ಪಾಳುಬಿದ್ದ ಇಟ್ಟಿಗೆ ಗೂಡಿನ ಗೋಡೆಗಳ ನಡುವಿನ ತಿರುವುಗಳಲ್ಲಿ ನೀರಿನಂತೆ ಹರಿದುಹೋಗುವಳು. ಎಲ್ಲದರಲ್ಲೂ ಹಿಂದೆ ಬೀಳುವ ನನ್ನಂಥವನಿಗೂ ಒಂದು ಜಾಗವಿತ್ತು: ಹೊಂಡದ ಅಂಚಿನ ಜಾರುನೆಲ. ಅಲ್ಲಿ ಅವಸರ ಮಾಡಿದವರೆಲ್ಲ ಉರುಳುವರು. ನಿಧಾನವೇ ಪ್ರಕೃತಿಯಾದ ನಾನು ಅವರ ಪಕ್ಕದಲ್ಲಿ ಮೆಲ್ಲಗೆ ಸಾಗಿಹೋಗುತ್ತಿದ್ದೆ. ಪ್ರತಿ ಭಾನುವಾರ ದಾರಿ ಬದಲಾದರೂ ದಿಬ್ಬ, ತಿರುವು, ಜಾರುನೆಲ ತಪ್ಪುತ್ತಿರಲಿಲ್ಲ. ಅದು ಬಯಲಿನ ಗುಣವೆಂದುಕೊಂಡಿದ್ದೆವು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ತೆಳ್ಳನೆಯ ದೇಹ, ಗರಿಯಂಥ ಸೈಕಲ್ಲು, ಎಂದೂ ಕೆಸರು ಮೆತ್ತಿಕೊಳ್ಳದ ಬಿಳಿಯ ಬೂಟು. ಮೊದಲ ದಿನವೇ ಗೆದ್ದರು. ಗೆದ್ದ ಮೇಲೆ, ದಾರಿ ಸರಿಯಿಲ್ಲವೆಂದೂ, ಓಟವೆಂದರೆ ಓಟದ ಹಾಗಿರಬೇಕೆಂದೂ, ಇಷ್ಟೊಂದು ಅಂಕುಡೊಂಕು ಯಾವ ನಿಯಮದಲ್ಲೂ ಇಲ್ಲವೆಂದೂ ವಿನಯದಿಂದಲೇ ಹೇಳಿದರು. ಎಲ್ಲರೂ ಮಾವನ ಮುಖ ನೋಡಿದೆವು. ಅಲ್ಲಿ ನೋವಿನ ನೆರಳೂ ಕಾಣಲಿಲ್ಲ. ಅವರು ಗೂಟದ ಮೂಟೆಯನ್ನೂ ಕೊಡತಿಯನ್ನೂ ಡಾಕ್ಟರ ಮುಂದೆ ಇಟ್ಟರು. ‘ಮುಂದಿನ ವಾರದಿಂದ ನೀವೇ ಹಾಕಿ. ನನಗೂ ಗೊತ್ತಿಲ್ಲದ ದಾರೀಲಿ ಒಂದ್ಸಲ ಓಡಿಸಬೇಕು ಅಂತ ಆಸೆ ಇರಲ್ವಾ? ಇದೆ.’

ಡಾಕ್ಟರು ಹಾಕಿದ ದಾರಿ ವಿಶಾಲವಾಗಿತ್ತು, ನ್ಯಾಯವಾಗಿತ್ತು. ದಿಬ್ಬವನ್ನು ಹತ್ತದೆ ಬಳಸಿಕೊಂಡು ಹೋಗುತ್ತಿತ್ತು. ತಪ್ಪು ಹುಡುಕಲು ಏನೂ ಇರಲಿಲ್ಲ, ಆದರೆ ಎರಡನೆಯ ಸುತ್ತಿಗೆಲ್ಲ ಯಾರು ಎಷ್ಟನೆಯವರೆಂಬುದು ತೀರ್ಮಾನವಾಗಿಬಿಡುತ್ತಿತ್ತು. ಉಳಿದದ್ದು ಬರೀ ತುಳಿತ. ಕೆಲವು ವಾರಗಳಲ್ಲಿ ಬೇಕರಿಯವನಿಗೆ ಒಲೆ ಕೈಕೊಡತೊಡಗಿತು. ನರ್ಸಮ್ಮನಿಗೆ ಭಾನುವಾರವೇ ಡ್ಯೂಟಿ ಬೀಳತೊಡಗಿತು. ಒಂದು ಬೆಳಿಗ್ಗೆ ಬಯಲಿನಲ್ಲಿ ನಾವು ಮೂವರೇ: ಡಾಕ್ಟರು, ನಾನು, ಮತ್ತು ಹೊಸ ದಾರಿಯ ಒಂದೊಂದು ತಿರುವನ್ನೂ ಹೊಸ ಊರಿಗೆ ಬಂದವರ ಕೌತುಕದಿಂದ ಸವಿಯುತ್ತಿದ್ದ ಮಾವ. ಗೆದ್ದು ನಿಂತ ಡಾಕ್ಟರು ಬೆವರೊರೆಸಿಕೊಳ್ಳುತ್ತ ಸುತ್ತ ನೋಡಿದರು. ‘ಎಲ್ರೂ ಎಲ್ಲಿ ಹೋದ್ರು?’ ಎಂದು ಕೇಳಿದ ಅವರ ದನಿಯಲ್ಲಿ ನಿಜವಾದ ದಿಗಿಲಿತ್ತು.

ಆ ಸಂಜೆ ಮಾವನ ಮನೆಗೆ ಹೋದೆ. ಅವರು ಇನ್ನೂ ಬಂದಿರಲಿಲ್ಲ. ಅತ್ತೆ ಅಡುಗೆಮನೆಯ ಕಿಟಕಿಯ ಬಳಿ ಕೂತು ಆ ಕೋಟಿನ ಹರಿದ ತೋಳನ್ನು ಹೊಲಿಯುತ್ತಿದ್ದರು. ಗುಂಪು ಚದುರಿಹೋಗುತ್ತಿದೆ, ಇವರಿಗೆ ಸ್ವಲ್ಪವೂ ಚಿಂತೆಯಿಲ್ಲವಲ್ಲ, ನೆಲ ನೋಡಿಕೊಂಡು ಓಡಾಡುತ್ತಾರಲ್ಲ ಎಂದು ದೂರಿದೆ. ಅತ್ತೆ ದಾರವನ್ನು ಹಲ್ಲಿನಿಂದ ಕಡಿದು, ನನ್ನನ್ನು ಕನಿಕರದಿಂದ ನೋಡಿದರು.

‘ಅವರು ನೆಲ ನೋಡ್ತಾರೆ ಅಂತ ಯಾರಪ್ಪ ಹೇಳಿದ್ದು? ಅವರು ನೋಡೋದು ಕಾಲು. ಜನರ ಕಾಲು.’

ಆಮೇಲೆ ಅತ್ತೆ ಹೇಳಿದ್ದೆಲ್ಲ ನನಗೆ ಹೊಸದು. ಮದುವೆಯ ಮಾತುಕತೆಗೆ ಬಂದ ದಿನವೂ ಅವರು ಅತ್ತೆಯ ಮುಖ ನೋಡಿರಲಿಲ್ಲವಂತೆ. ಹೊರಡುವಾಗ ಮಾತ್ರ, ನೀವು ಮೆಟ್ಟಿಲಿಳಿಯುವಾಗ ಬಲಗಾಲನ್ನೇ ಯಾಕೆ ಮೊದಲು ಇಡುತ್ತೀರಿ ಎಂದು ಕೇಳಿದರಂತೆ. ಬ್ರೆಡ್ಡು ತರಲು ಹೋದವರು ಬೇಕರಿಯ ಹಿಂಬಾಗಿಲಲ್ಲಿ ನಿಂತು ಮೂಟೆ ಇಳಿಸುವುದನ್ನು ನೋಡಿ, ಬ್ರೆಡ್ಡು ಮರೆತು ಮನೆಗೆ ಬಂದು, ‘ಅವನಿಗೊಂದು ದಿಬ್ಬ ಬೇಕು’ ಎಂದರಂತೆ. ಆಸ್ಪತ್ರೆಗೆ ಜ್ವರದ ಮಾತ್ರೆಗೆಂದು ಹೋದವರು ಮೊಗಸಾಲೆಯಲ್ಲಿ ಹೊತ್ತು ಕಳೆದರಂತೆ. ನನ್ನ ಮುದ್ರಣಾಲಯಕ್ಕೂ ಒಂದು ಸಲ ಬಂದು, ಬಾಗಿಲಲ್ಲೇ ನಿಂತು, ಮಾತಾಡಿಸದೆ ಹೋಗಿದ್ದರಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ಸುದ್ದಿ ಬೇಕರಿಗೆ ಮುಟ್ಟಲು ತಡವಾಗಲಿಲ್ಲ. ಮರುದಿನವೇ ಬೇಕರಿಯವನು ನನ್ನನ್ನೂ ಕರೆದುಕೊಂಡು ಮಾವನ ಬಳಿ ಹೋಗಿ, ಮತ್ತೆ ನೀವೇ ದಾರಿ ಹಾಕಬೇಕೆಂದೂ, ಡಾಕ್ಟರು ಮೂರು ಸಲವಾದರೂ ಮಣ್ಣುಮುಕ್ಕುವ ಹಾಗೆ ಹಾಕಬೇಕೆಂದೂ ಕೇಳಿಕೊಂಡ. ಮಾವ ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ದನಿ ಏರಲಿಲ್ಲ, ಆದರೆ ಅವರು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದರು, ಅದೇ ನಮಗೆ ಬೆದರಿಕೆಯಂತಾಯಿತು. ‘ನಾನು ಯಾರನ್ನೂ ಬೀಳಿಸೋಕೆ ಗೂಟ ಹೊಡೆಯಲ್ಲ’ ಎಂದಷ್ಟೇ ಹೇಳಿದರು. ಆ ಮಾತಿನಲ್ಲಿ ಪ್ರಶ್ನೆಯೇ ಇರಲಿಲ್ಲ.

ಆ ವಾರ ಅವರು ಒಂದು ಮಧ್ಯಾಹ್ನ ರಜೆ ಹಾಕಿ, ನೋವಿಲ್ಲದ ಹಲ್ಲನ್ನು ಹೊತ್ತುಕೊಂಡು ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಕಾಯುವವರ ಬೆಂಚಿನಲ್ಲಿ ಕೂತರು. ತಮ್ಮ ಸರದಿ ಬಂದಾಗಲೆಲ್ಲ ಪಕ್ಕದವರನ್ನು ಒಳಗೆ ಕಳಿಸಿದರು. ಮನೆಗೆ ಮರಳಿದಾಗ ಅವರ ಮುಖದಲ್ಲಿ ಗೊಂದಲವಿತ್ತೆಂದು ಅತ್ತೆ ಹೇಳಿದರು: ಎಲ್ಲ ಕಡೆಯೂ ಮುಂದಿರುವ ಮನುಷ್ಯನಿಗೆ ಇನ್ನು ಯಾವ ಜಾಗ ಕೊಡುವುದು? ಎರಡು ದಿನ ಊಟದ ನಡುವೆ ಕೈ ನಿಲ್ಲಿಸಿ ಯೋಚಿಸಿದರಂತೆ. ಆಮೇಲೆ, ಶನಿವಾರ, ಬೆಳಗಿನ ಚಹಾ ಕುಡಿಯುತ್ತ ಹೇಳಿದರಂತೆ: ‘ಪಾಪ, ಡಾಕ್ಟ್ರು ದಿನವಿಡೀ ಮಾತಾಡ್ತಾರೆ. ಒಬ್ರೂ ಉತ್ತರ ಕೊಡೋ ಹಾಗಿಲ್ಲ. ಬಾಯಲ್ಲಿ ಹತ್ತಿ ಇರುತ್ತಲ್ವಾ? ಇರುತ್ತೆ.’

ಭಾನುವಾರ, ಗೂಟದ ಮೂಟೆಯನ್ನು ಡಾಕ್ಟರಿಂದ ಮರಳಿ ಕೇಳಿ ಪಡೆದು ಮಾವನೇ ದಾರಿ ಹಾಕಿದ್ದರು, ಸುದ್ದಿ ಕೇಳಿ ನರ್ಸಮ್ಮನೂ ಬಂದಿದ್ದಳು. ಬಯಲನ್ನು ನೋಡಿ ನಮಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ದಿಬ್ಬವಿತ್ತು, ತಿರುವಿತ್ತು, ಜಾರುನೆಲವಿತ್ತು. ಆದರೆ ದಾರಿ ಈ ಸಲ ಹೋದಷ್ಟು ದೂರ ಹೋಗಿ, ಮಗುಚಿ, ಮತ್ತೆ ತನ್ನ ಪಕ್ಕಕ್ಕೇ ಬಂದು ಮಲಗಿತ್ತು, ಅದೂ ಒಂದು ಸಲವಲ್ಲ. ಮುಂದೆ ಹೋದವನು ಪ್ರತಿ ಸುತ್ತಿನಲ್ಲೂ ಹಿಂದೆ ಬರುತ್ತಿರುವವರಿಗೆ ಎದುರಾಗಲೇಬೇಕು, ನಡುವೆ ಒಂದು ಸಾಲು ಗೂಟ ಮಾತ್ರ. ಎಂದಿನಂತೆ ಡಾಕ್ಟರು ಮುಂದೆ ಚಿಮ್ಮಿದರು. ಮೊದಲ ಸುತ್ತಿನಲ್ಲಿ ಎದುರಾದಾಗ ಬೇಕರಿಯವನು ಮುಖ ತಿರುಗಿಸಿದ. ಎರಡನೆಯದರಲ್ಲಿ ಡಾಕ್ಟರೇ ಮಾತಾಡಿದರು, ಸೈಕಲ್ಲನ್ನು ಬಲಹೆಗಲಿಗೆ ಹಾಕಿದರೆ ಕೈ ಬಿಡುವಾಗಿರುತ್ತದೆ ಎಂದು. ‘ನಿಮ್ ದಾರಿ ನೀವು ನೋಡ್ಕೊಳ್ಳಿ, ಡಾಕ್ಟ್ರೇ’ ಎಂದ ಇವನು. ಆದರೆ ಮುಂದಿನ ಸುತ್ತಿನಲ್ಲಿ ಸೈಕಲ್ಲು ಬಲಹೆಗಲಿನಲ್ಲಿತ್ತು, ಮತ್ತು ಅದನ್ನು ಕಂಡ ಡಾಕ್ಟರ ಮುಖ ಅರಳಿದ್ದು ನನಗೂ ಕಂಡಿತು. ಅದರ ಮುಂದಿನ ಸುತ್ತಿಗೆ ಬೇಕರಿಯವನು ಏದುಸಿರಿನಲ್ಲೇ ದೂರದಿಂದ ಕೂಗಿ ಹೇಳಿದ: ‘ಹಾಗೆ ಹಲ್ಲು ಬಿಡ್ಬೇಡಿ ಡಾಕ್ಟ್ರೇ, ಕೆಸರು ಒಳಗೆ ಹೋದ್ರೆ ತೆಗೆಯೋರು ಯಾರು?’

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಹ್ಯಾಂಡಲ್ಲು ಒಂದು ಕಡೆ, ಅವರು ಒಂದು ಕಡೆ, ಗೂಟಗಳ ಸಾಲು ಇನ್ನೊಂದು ಕಡೆ. ಬಿಳಿ ಬೂಟಿನಿಂದ ನೆತ್ತಿಯವರೆಗೆ ಕೆಸರು ಬಳಿದುಕೊಂಡು ಬಿದ್ದಲ್ಲೇ ನಗುತ್ತಿದ್ದ ಅವರನ್ನು ಬೇಕರಿಯವನು ಒಂದು ಕೈಯಲ್ಲೂ ಅವರ ಸೈಕಲ್ಲನ್ನು ಇನ್ನೊಂದು ಕೈಯಲ್ಲೂ ಎತ್ತಿ ನಿಲ್ಲಿಸಿದ. ಇಬ್ಬರೂ ಏನೋ ಮಾತಾಡುತ್ತ ಅಲ್ಲೇ ನಿಂತುಬಿಟ್ಟರು, ನಾನೂ ಇಳಿದೆ. ಅಂದು ಗೆದ್ದವಳು ನರ್ಸಮ್ಮ. ಗೆದ್ದು ಬಂದು ಸೊಂಟದ ಮೇಲೆ ಕೈಯಿಟ್ಟು, ನನ್ನನ್ನು ಯಾರಾದರೂ ನೋಡಿದ್ರಾ ಎಂದು ಅವಳು ಕೇಳಿದ ಮೇಲೆಯೇ ನಮಗೆ ಓಟ ಮುಗಿದದ್ದು ತಿಳಿದದ್ದು.

ಇದೆಲ್ಲ ನಿಮ್ಮ ಲೆಕ್ಕಾಚಾರವೇ ಎಂದು ನಾನು ಆಮೇಲೆ ಮಾವನನ್ನು ಕೆದಕಿದೆ. ಬೀಳುವುದು ತಮಗೆ ಗೊತ್ತಿರಲಿಲ್ಲವೆಂದೂ, ಎದುರಾದ ಮೇಲೆ ಏನಾಗುತ್ತದೆಂದು ನೋಡುವ ಆಸೆಯಷ್ಟೇ ಇತ್ತೆಂದೂ ಹೇಳಿದರು. ಅದನ್ನು ನಾನು ನಂಬುತ್ತೇನೆ. ಅವರಲ್ಲಿ ಉಪಕಾರ ಮಾಡಿದವರ ಭಾರವಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಲವಲವಿಕೆ ಇತ್ತು.

ಇಂಥವರು ಎಲ್ಲ ಕಡೆಯೂ ಅಪರೂಪಕ್ಕೆ ಒಬ್ಬೊಬ್ಬರು ಇರುತ್ತಾರೆಂದು ಕಾಣುತ್ತದೆ. ಅವರು ನಮ್ಮನ್ನು ತಬ್ಬಿಕೊಳ್ಳುವುದಿಲ್ಲ, ಹೊಗಳುವುದಿಲ್ಲ, ಕಷ್ಟಸುಖ ವಿಚಾರಿಸುವುದೂ ಕಡಿಮೆಯೇ. ನಾವು ಹೇಗೆ ನಿಲ್ಲುತ್ತೇವೆ, ಯಾವ ಕಾಲನ್ನು ಮೊದಲಿಡುತ್ತೇವೆ, ಎಲ್ಲಿ ಎಡವುತ್ತೇವೆ ಎಂಬುದನ್ನು ತಿಳಿಯುವ ದಾಹವೊಂದು ಅವರಲ್ಲಿದೆ. ಅದು ತೀರುವುದೂ ಇಲ್ಲ. ಪ್ರೀತಿಸುವವರು ನಮ್ಮನ್ನು ತಮಗೆ ಬೇಕಾದಂತೆ ಕಾಣುವುದುಂಟು, ದ್ವೇಷಿಸುವವರಂತೂ ಸರಿಯೇ ಸರಿ. ಇವರು ಮಾತ್ರ ನಾವು ಇದ್ದಂತೆಯೇ ನಮ್ಮನ್ನು ನೋಡಿ, ನೋಡಿದ್ದನ್ನು ನಮಗೆ ಹೇಳದೆ, ನಾವು ನಡೆಯುವ ನೆಲವನ್ನು ಎಲ್ಲೋ ಒಂದಿಷ್ಟು ಓರೆ ಮಾಡಿ ಹೋಗಿಬಿಡುತ್ತಾರೆ. ಆ ಓರೆಯಲ್ಲಿ ಓಡುತ್ತ ನಾವು, ಇವತ್ತೇಕೋ ಮೈ ಹಗುರಾಗಿದೆ ಎಂದುಕೊಳ್ಳುತ್ತೇವೆ.