ಒಂದು ಬೀದಿ ಬಿಟ್ಟು

ಬಡಾವಣೆಯಲ್ಲಿ ಆ ಧ್ವನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ, ಆ ಧ್ವನಿಯ ಮನುಷ್ಯ ಗೊತ್ತಿದ್ದವರೂ ಇರಲಿಲ್ಲ. ಹಳೆಯ ವ್ಯಾನಿನ ನೆತ್ತಿಗೆ ಧ್ವನಿವರ್ಧಕ ಕಟ್ಟಿಕೊಂಡು, ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಮೈಕು ಹಿಡಿದು ಬೀದಿ ಬೀದಿ ಕೂಗುತ್ತಾ ಹೋಗುವುದು ಅವನ ಕೆಲಸ. ಚಪ್ಪಲಿ ಅಂಗಡಿ ತೆರೆದರೂ, ನಲ್ಲಿಯಲ್ಲಿ ನೀರು ನಿಂತರೂ, ನಾಯಿ ಕಳೆದುಹೋದರೂ, ಯಾರಾದರೂ ತೀರಿಕೊಂಡರೂ ಸುದ್ದಿ ಹೊರಡುವುದು ಅವನ ಬಾಯಿಂದಲೇ. ಮೈಕಣ್ಣ, ಮೈಕಣ್ಣ ಎಂದು ಕರೆದು ಕರೆದು ಜನ ಅವನ ಹೆಸರನ್ನು ಎಂದೋ ಮರೆತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಹೆಸರು ಹಿಡಿದು ಕರೆಯುವವರೂ ಉಳಿಯಲಿಲ್ಲ.

ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದುವುದು ಅವನ ನೇಮ. ಒಂದಕ್ಷರ ಸೇರಿಸುವವನಲ್ಲ, ಒಂದಕ್ಷರ ಬಿಡುವವನೂ ಅಲ್ಲ. ಬೆಳಿಗ್ಗೆ ಒಂದು ಬಟ್ಟೆ ಅಂಗಡಿಯಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ಕೂಗಿ, ಮಧ್ಯಾಹ್ನ ಎದುರಿನ ಅಂಗಡಿಯ ಬಗ್ಗೆಯೂ ಅದೇ ಗಂಟಲಲ್ಲಿ ಅದನ್ನೇ ಕೂಗುತ್ತಿದ್ದ. ಯಾರಾದರೂ ಕಿಚಾಯಿಸಿದರೆ, ಮಾತು ಅವರದು, ಗಂಟಲಷ್ಟೇ ನನ್ನದು ಎನ್ನುತ್ತಿದ್ದ. ಬಲು ಅನುಕೂಲದ ಮಾತು. ಕೈ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಸೋಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ದಿನವಿಡೀ ಊರಿಗೆಲ್ಲ ಕೂಗಿದವನಿಗೆ ಸಂಜೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದದ್ದು ಹಾಲಿನ ಅಂಗಡಿಯೊಂದೇ. ಒಬ್ಬ ಮಗಳನ್ನು ಓದಿಸುತ್ತಾ ಆ ಪುಟ್ಟ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಹಾಲಿನಕ್ಕ ಎನ್ನುತ್ತಿದ್ದರು. ಅವಳು ಪಾತ್ರೆಗೆ ಹಾಲು ಸುರಿಯುತ್ತಾ, ಗಂಟಲು ಹೇಗಿದೆ ಅಣ್ಣ, ಎಂದು ಕೇಳುವಳು. ಇಡೀ ದಿನದಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದೊಂದೇ. ಉತ್ತರವನ್ನು ಎಳೆಯಬಲ್ಲಷ್ಟೂ ಎಳೆಯುತ್ತಿದ್ದ. ಪಾತ್ರೆಯ ಮುಚ್ಚಳ ಸರಿಯಾಗಿ ಕೂತಿದ್ದರೂ ತೆಗೆದು ಮತ್ತೆ ಮುಚ್ಚುತ್ತಿದ್ದ.

ಒಂದು ದಿನ ದರ್ಜಿ ಚೀಟಿ ಹಿಡಿದು ಬಂದ. ಅವನ ಮಗು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿತ್ತು. ಅವನ ಕಣ್ಣು ನಿದ್ದೆಗೆಟ್ಟಿದ್ದವು. ಹಾಲಿನಕ್ಕನ ಅಂಗಡಿಯ ಹಾಲು ಕುಡಿದು ಮಗು ಸಾಯುವ ಸ್ಥಿತಿಗೆ ಬಂದಿದೆ, ಮಕ್ಕಳಿರುವವರು ಎಚ್ಚರ, ಎಂದು ಚೀಟಿಯಲ್ಲಿತ್ತು. ಡಾಕ್ಟರು ಹಾಗಂದರೇ ಎಂದು ಮೈಕಣ್ಣ ಕೇಳಬಹುದಿತ್ತು. ಆದರೆ ಚೀಟಿ ತಂದವರನ್ನು ಅವನು ಈವರೆಗೆ ಏನನ್ನೂ ಕೇಳಿದವನಲ್ಲ. ಅಭ್ಯಾಸ ಕೆಟ್ಟದ್ದು. ವ್ಯಾನು ಹೊರಟಿತು.

ಎಲ್ಲ ಬೀದಿಗಳಲ್ಲೂ ಒಂದಕ್ಷರ ಬಿಡದೆ ಓದಿದ. ಹಾಲಿನಕ್ಕನ ಬೀದಿಯ ತಿರುವು ಇನ್ನೂ ದೂರವಿರುವಾಗಲೇ ಮೈಕು ಆರಿಸಿ, ಬೀದಿ ದಾಟಿದ ಮೇಲೆ ಮತ್ತೆ ಹಾಕಿದ. ಅಂಗಡಿಯ ಮುದಿ ಫ್ರಿಜ್ಜಿನ ಗುರುಗುಟ್ಟುವಿಕೆಯಲ್ಲಿ ಅವಳಿಗೆ ಬೇರೆ ಬೀದಿಯ ಸದ್ದು ಕೇಳಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಅವನು ನೇಮ ತಪ್ಪಿದ್ದು ಅದೇ ಮೊದಲು. ಆ ಸಂಜೆ, ಅವಳ ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಂಡೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಗಿರಾಕಿಗಳು ಕರಗಿದರು. ಹಾಲು ಒಡೆಯಿತು, ಚರಂಡಿ ಸೇರಿತು. ಏಕೆಂದು ಒಬ್ಬರೂ ಅವಳಿಗೆ ಹೇಳಲಿಲ್ಲ. ನಮ್ಮ ಜನರಿಗೆ ಬೆನ್ನ ಹಿಂದೆ ಆಡಲು ನಾಲಿಗೆ ಮೊಳದುದ್ದ, ಎದುರಿಗೆ ಹೇಳಲು ಮಾತ್ರ ಎಲ್ಲಿಲ್ಲದ ಸಂಕೋಚ. ಒಬ್ಬಳು ಮನೆಯಲ್ಲಿ ಹಾಲು ಉಳಿದಿದೆ ಎಂದಳು, ಇನ್ನೊಬ್ಬಳು ನೆಂಟರ ಮನೆಗೆ ಹೊರಟಿದ್ದೇನೆ ಎಂದಳು. ಬರುತ್ತಿದ್ದವನು ಮೈಕಣ್ಣನೊಬ್ಬನೇ. ಅವಳು ಅವನ ಬಳಿಯೇ ತೋಡಿಕೊಂಡಳು.

"ಯಾರ ಜೊತೇಲೂ ಒರಟಾಗಿ ಮಾತಾಡಿಲ್ಲ ಅಣ್ಣ. ಏನು ತಪ್ಪು ಮಾಡಿದೀನಿ ಅಂತ ಗೊತ್ತಾದ್ರೆ ಸರಿಮಾಡ್ಕೋಬಹುದು. ಊರೆಲ್ಲ ತಿರುಗ್ತೀರಲ್ಲ, ನಿಮ್ಮ ಕಿವಿಗೇನಾದ್ರೂ ಬಿತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಕೋಣೆಯಲ್ಲಿ ಒಬ್ಬನೇ ಕೂತು ನಾಳೆ ಹೇಳುತ್ತೇನೆ ಎಂದುಕೊಳ್ಳುವನು, ಮರುದಿನ ಅವಳ ಮುಖ ಕಂಡೊಡನೆ ಹಾಲು ಹಾಕಿಸಿಕೊಂಡು ಹೊರಟುಬಿಡುವನು.

ಅಷ್ಟರಲ್ಲಿ ದರ್ಜಿಯ ಮಗು ಗುಣವಾಗಿ ಮನೆಗೆ ಬಂತು. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ಇಲಿ ಸತ್ತು ಬಿದ್ದಿತ್ತಂತೆ, ಹಾಲಿಗೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರೇ ಹೇಳಿದರಂತೆ. ಸುದ್ದಿ ತಿಳಿದ ಮೈಕಣ್ಣ ದರ್ಜಿಯ ಅಂಗಡಿಗೆ ಓಡಿದ. ತಪ್ಪಾಯಿತೆಂದು ಇನ್ನೊಂದು ಚೀಟಿ ಬರೆದುಕೊಡಿ, ನಾನು ಕೂಗುತ್ತೇನೆ ಎಂದು ಬೇಡಿಕೊಂಡ. ದರ್ಜಿ ಮಿಷನ್ನಿನಿಂದ ಕಾಲು ತೆಗೆಯಲಿಲ್ಲ.

"ಆಗ ನನಗೆ ಅನ್ನಿಸಿದ್ದನ್ನ ಹೇಳಿದೆ. ಅನ್ನಿಸಿದ್ದನ್ನ ಹೇಳೋ ಸ್ವಾತಂತ್ರ್ಯಾನೂ ಇಲ್ವಾ ಒಬ್ಬ ಮನುಷ್ಯನಿಗೆ? ನಾನು ಹೇಳಿದ್ದು ನಿಮಗೊಬ್ರಿಗೆ. ಊರಿಗೆಲ್ಲ ಕೂಗಿದ್ದು ನೀವು."

ಮಾತು ನಿಮ್ಮದು ಎನ್ನಲು ಮೈಕಣ್ಣ ಬಾಯಿ ತೆರೆದ. ದಿನವೂ ಆಡುತ್ತಿದ್ದ ಆ ಮಾತು ಅಂದು ಅವನ ಬಾಯಿಗೇ ಬರಲಿಲ್ಲ.

ಚೀಟಿಯಿಲ್ಲದೆ ಕೂಗಲು ಹೊರಟ. ಮೈಕು ಹಿಡಿದರೆ ಮಾತೇ ಹೊಳೆಯದು. ಪರರ ಮಾತನ್ನು ನೀರು ಕುಡಿದಂತೆ ಓದುತ್ತಿದ್ದವನು ತನ್ನದೊಂದು ಮಾತಿಗೆ ತಡವರಿಸಿದ. ಹಾಲಿನಕ್ಕನ ಹಾಲಿನಲ್ಲಿ ದೋಷವಿಲ್ಲ, ಹಿಂದೆ ಕೂಗಿದ್ದು ಸುಳ್ಳು, ವಿಚಾರಿಸದೆ ಕೂಗಿದ್ದು ನನ್ನ ತಪ್ಪು, ಎಂದು ಹೇಗೋ ಜೋಡಿಸಿ ಹೇಳಿದ. ಕಿಟಕಿಗಳಲ್ಲಿ ತಲೆಗಳು ಕಂಡವು. ಪಾಪ, ಹಾಲಿನಕ್ಕ ಇವನಿಗೆ ಎಷ್ಟು ಕೊಟ್ಟಳೋ, ಎಂದು ಯಾರೋ ನಕ್ಕರು. ಅವರ ತಪ್ಪೇನೂ ಇಲ್ಲ. ಕೊಟ್ಟವರ ಮಾತನ್ನಷ್ಟೇ ಆಡಿದ ಬಾಯಿ ಅದು, ಇಂದು ಸ್ವಂತದ್ದನ್ನು ಆಡುತ್ತಿದೆಯೆಂದು ಯಾರು ನಂಬಬೇಕು?

ಈ ಸಲ ಯಾವ ಬೀದಿಯನ್ನೂ ಬಿಡಬಾರದೆಂದು ಅವಳ ಬೀದಿಗೂ ತಿರುಗಿದ, ಇನ್ನೂ ಜೋರಾಗಿ ಕೂಗಿದ. ಅವಳಿಗೆ ಮೊದಲಿನ ಮಾತೇ ಗೊತ್ತಿಲ್ಲ ಎಂಬುದು ನೆನಪಿಗೆ ಬಂದದ್ದು ಅವಳು ಅಂಗಡಿಯ ಮೆಟ್ಟಿಲಿಳಿದು ಬಂದಾಗ. ಅವಳ ಮುಖ ಬಿಳಿಚಿಕೊಂಡಿತ್ತು.

ವ್ಯಾನಿನ ಕಿಟಕಿ ಹಿಡಿದು ನಿಂತು, ಹಿಂದೆ ಕೂಗಿದ್ದು ಏನು ಎಂದು ಕೇಳಿದಳು. ಅವನು ಹೇಳಿದ, ಎಲ್ಲವನ್ನೂ. ಕೊನೆಗೆ, ನಿಮಗೆ ನೋವಾಗಬಾರದೆಂದು ಈ ಬೀದಿಯಲ್ಲಿ ಮಾತ್ರ ಕೂಗಲಿಲ್ಲ ಎಂದೂ ಸೇರಿಸಿದ. ಅದಕ್ಕಾದರೂ ಅವಳ ಮುಖ ಸಡಿಲವಾಗುತ್ತದೆಂದು ಆಸೆಯಿತ್ತು.

"ಇಲ್ಲಿ ಕೂಗಬೇಕಿತ್ತು ಅಣ್ಣ," ಎಂದಳು. "ಎಲ್ಲ ಕಡೆ ಬಿಟ್ಟು ಇಲ್ಲೊಂದೇ ಕಡೆ ಕೂಗಬೇಕಿತ್ತು. ಅವತ್ತೇ ಉತ್ತರ ಹೇಳ್ತಿದ್ದೆ. ನನಗೂ ಬಾಯಿತ್ತು."

ಅವಳು ಸುತ್ತಿ ಬಂದು ಪಕ್ಕದ ಬಾಗಿಲು ತೆಗೆದು ಕೂತಳು, ಮೈಕು ಕೊಡಿ ಎಂದು ಕೈ ಚಾಚಿದಳು. ವ್ಯಾನು ಮತ್ತೆ ಬೀದಿ ಬೀದಿ ಸುತ್ತಿತು. ಅವಳ ಧ್ವನಿ ಒಡೆಯುತ್ತಿತ್ತು, ಆದರೆ ನಿಲ್ಲಲಿಲ್ಲ.

"ನಾನು ಹಾಲಿನ ಅಂಗಡಿಯವಳು. ಮಗು ಆಸ್ಪತ್ರೆ ಸೇರಿದ್ದು ನನಗೆ ಗೊತ್ತಾಗಿದ್ದು ಇವತ್ತು. ಗೊತ್ತಿದ್ರೆ ನೋಡೋಕೆ ಬರ್ತಿದ್ದೆ. ನನ್ನ ಹಾಲಿನ ಬಗ್ಗೆ ಏನು ಕೇಳೋದಿದ್ರೂ ಅಂಗಡಿಗೆ ಬಂದು ನನ್ನನ್ನೇ ಕೇಳಿ. ನಾನು ಅಲ್ಲೇ ಇರ್ತೀನಿ."

ಈ ಸಲ ಯಾರೂ ನಗಲಿಲ್ಲ. ದರ್ಜಿಯ ಅಂಗಡಿಯ ಮುಂದೆ ಹೋಗುವಾಗ ಮಿಷನ್ನಿನ ಸದ್ದು ನಿಂತಿತು. ವ್ಯಾನು ಅವಳ ಬೀದಿಗೆ ಮರಳುವಷ್ಟರಲ್ಲಿ ಅಂಗಡಿಯ ಮುಂದೆ ಇಬ್ಬರು ಹೆಂಗಸರು ಪಾತ್ರೆ ಹಿಡಿದು, ನೆಲ ನೋಡುತ್ತಾ ನಿಂತಿದ್ದರು. ಮೈಕಣ್ಣನ ಜೀವಕ್ಕೆ ಸಮಾಧಾನವಾಯಿತು. ಸೀಟಿನ ಹಿಂದಿನಿಂದ ತನ್ನ ಪಾತ್ರೆಯನ್ನೂ ಎತ್ತಿಕೊಂಡ.

ಅವಳು ಮೈಕನ್ನು ಸೀಟಿನ ಮೇಲೆ ಮೆಲ್ಲಗೆ ಇಟ್ಟು ಇಳಿದಳು. ಬಾಗಿಲು ಹಾಕುವ ಮುನ್ನ ಅವನ ಕೈಯಲ್ಲಿದ್ದ ಪಾತ್ರೆಯನ್ನು ನೋಡಿದಳು.

"ನೀವು ನಾಳೆಯಿಂದ ಬೇರೆ ಕಡೆ ಹಾಲು ತಗೊಳ್ಳಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣ ಎಂಬ ಮಾತೂ ಇರಲಿಲ್ಲ.